ಎರ್ಸಿಲಿಯಾಳ ಚಿನ್ನದ ಹಲ್ಲುಪಟ್ಟಿ

ನಮ್ಮೂರಿನ ಮ್ಯೂಸಿಯಂನಲ್ಲಿ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಎತ್ರುಸ್ಕ ಹೆಂಗಸೊಬ್ಬಳ ದವಡೆ. ರೋಮ್ ಇನ್ನೂ ಕಣ್ಣುಜ್ಜಿಕೊಂಡು ಏಳುತ್ತಿದ್ದಾಗಲೇ ನಮ್ಮ ಗುಡ್ಡದ ಮೇಲೆ ಠೀವಿಯಿಂದ ಬಾಳಿದ ಜನ ಅವರು. ಆಕೆಯ ಮುಂದಿನ ಹಲ್ಲುಗಳನ್ನು ತೆಳ್ಳನೆಯ ಚಿನ್ನದ ಪಟ್ಟಿ ಬಳಸಿದೆ, ನಡುವೆ ಕಟ್ಟಿಸಿಕೊಂಡ ಹಲ್ಲೊಂದಿದೆ. ಅದನ್ನು ಕಾಯುವವಳು ಎರ್ಸಿಲಿಯಾ. ಗಂಡ ತೀರಿಕೊಂಡ ಮೇಲೆ ಸೇರಿದ ಕೆಲಸ. ನಾನು ಎದುರಿನ ಕಾಫಿ ಅಂಗಡಿಯವಳು, ಅವಳ ದಿನ ಶುರುವಾಗುವುದೇ ನನ್ನ ಕಾಫಿಯಿಂದ.

ಶಾಲೆಯ ಮಕ್ಕಳು ಬಂದರೆ ಎರ್ಸಿಲಿಯಾಗೆ ಹಬ್ಬ. ಈ ಅಮ್ಮಾವ್ರು ಚಿನ್ನ ತೊಡೋ ಆಸೆಗೆ ಗಟ್ಟಿ ಹಲ್ಲನ್ನೇ ಕೀಳಿಸಿಕೊಂಡರಂತೆ ಎನ್ನುವಳು. ಕಟ್ಟಿಸಿಕೊಂಡ ಹಲ್ಲು ಕರುವಿನದೋ ನೆರೆಮನೆಯವಳದೋ ಯಾರಿಗೂ ಗೊತ್ತಿಲ್ಲ ಎಂದು ದನಿ ತಗ್ಗಿಸುವಳು. ಮಕ್ಕಳ ಕೈ ಬಾಯಿಗೆ ಹೋಗುವುದನ್ನು ನೋಡಿ ಅವಳಿಗೆ ತಡೆಯಲಾರದ ಖುಷಿ.

ಆ ವರ್ಷ ಅವಳ ನಾದಿನಿ ಕ್ಲೇಲಿಯಾ ಸಮುದ್ರ ದಾಟಿ ಪರದೇಶದ ತಿರಾನಾಕ್ಕೆ ಹೋಗಿ ಹೊಸ ಹಲ್ಲು ಹಾಕಿಸಿಕೊಂಡು ಬಂದಳು. ಅಲ್ಲಿ ಅರ್ಧ ಬೆಲೆಗೆ ಆಗುತ್ತದೆಂದು ನಮ್ಮೂರ ಅರ್ಧ ಜನ ಹೋಗುತ್ತಾರೆ. ಆದರೆ ಕ್ಲೇಲಿಯಾಳ ಹಲ್ಲು ಎಷ್ಟು ಬೆಳ್ಳಗಿತ್ತೆಂದರೆ, ಅವಳು ಬೀದಿಗೆ ಬಂದರೆ ಮೊದಲು ಹಲ್ಲು ಕಾಣುತ್ತಿತ್ತು, ಆಮೇಲೆ ಕ್ಲೇಲಿಯಾ. ಎಂದೂ ನಗದವಳು ಸಾವಿನ ಮನೆಯಲ್ಲೂ ನಗತೊಡಗಿದಳು.

ಈಸ್ಟರ್ ಊಟದ ಕೊನೆಗೆ ಎಲ್ಲರೂ ಹೇಝಲ್ ಬೀಜದ ಗಟ್ಟಿ ಬಿಸ್ಕತ್ತನ್ನು ವೈನಿನಲ್ಲಿ ಅದ್ದಿ ತಿನ್ನುತ್ತಿದ್ದರು. ಎರ್ಸಿಲಿಯಾ ಮಾತಿನ ಭರದಲ್ಲಿ ಅದ್ದದೆ ಕಚ್ಚಿದಳು. ಮುಂದಿನ ಹಲ್ಲು ಬುಡಕ್ಕೇ ಮುರಿದು ತಟ್ಟೆಗೆ ಬಿತ್ತು. ಕ್ಲೇಲಿಯಾ ತುಂಬಾ ಮರುಗಿದಳು. ಮರುಗುವಾಗ ಎಲ್ಲ ಹಲ್ಲೂ ಕಾಣುವಂತೆ ನೋಡಿಕೊಂಡಳು.

"ಅತ್ತಿಗೆ, ಜೂನಿನಲ್ಲಿ ನನ್ನ ಮಗನ ಮದುವೆ. ಈ ಕಿಂಡಿ ಇಟ್ಕೊಂಡು ಫೋಟೋಕ್ಕೆ ನಿಲ್ತೀರಾ? ತಿರಾನಾದ ಡಾಕ್ಟರ ನಂಬರು ಕೊಡ್ಲಾ?"

ಎರ್ಸಿಲಿಯಾ ಮುರಿದ ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಹೋದಳು. ಆಮೇಲೆ ಕೆಲವು ವಾರ ಬಾಯಿಗೆ ಕೈ ಅಡ್ಡ ಇಟ್ಟೇ ಮಾತಾಡಿದಳು. ಮಕ್ಕಳಿಗೆ ಕಥೆ ಹೇಳುವುದನ್ನೂ ಬಿಟ್ಟಳು. ಅವಳು ಅಷ್ಟು ಸಪ್ಪಗಾದದ್ದನ್ನು ಅವಳ ಗಂಡ ಸತ್ತಾಗಲೂ ನಾನು ಕಂಡಿರಲಿಲ್ಲ.

ಕೊನೆಗೆ ಊರಿನ ಹಲ್ಲಿನ ಡಾಕ್ಟರು ಫಬ್ರೀಝಿಯ ಹತ್ತಿರ ಹೋದಳು. ಅವರು ಬಿಳುಪಿನ ಮಾದರಿಗಳ ಸಾಲನ್ನೇ ಮುಂದಿಟ್ಟರು. ಪಿಂಗಾಣಿಯ ಹಲ್ಲು ಕೂರಿಸಿದರೆ ಪಕ್ಕದ ಹಲ್ಲಿಗೂ ತನ್ನ ಜೊತೆ ಯಾರು ಕೂತಿದ್ದಾರೆಂದು ತಿಳಿಯದು ಎಂದರು. ಎರ್ಸಿಲಿಯಾ ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟಳು. ತನಗೆ ಗಾಜಿನ ಪೆಟ್ಟಿಗೆಯ ಅಮ್ಮಾವ್ರಿಗೆ ಇರುವಂಥದ್ದೇ ಬೇಕು ಎಂದಳು. ಜನ ಲೋಹ ಮುಚ್ಚಲು ದುಡ್ಡು ಕೊಡ್ತಾರೆ, ನೀವು ತೋರಿಸೋಕೆ ಕೊಡ್ತೀರಾ ಎಂದು ಡಾಕ್ಟರು ಕೇಳಿದರು.

"ತೋರಿಸೋಕಲ್ಲದೆ ಮತ್ತ್ಯಾಕೆ ಡಾಕ್ಟ್ರೇ ಹಲ್ಲು? ಅಗಿಯೋಕೆ ಒಳಗಡೆ ಬೇರೆ ಇವೆಯಲ್ಲ."

ಡಾಕ್ಟರಿಗೆ ನಗು ಬಂತು. ಹಿಂದಿನ ಕಾಲದ ಕೆಲಸ ಕೈಯಲ್ಲಿ ಮಾಡಿ ನೋಡುವ ಆಸೆಯೂ ಇತ್ತೇನೋ, ಒಪ್ಪಿಬಿಟ್ಟರು. ಆದರೆ ಚಿನ್ನ ತಟ್ಟುವುದು ತಮ್ಮಿಂದಾಗದು, ಅಕ್ಕಸಾಲಿ ಒರೆಸ್ತೆಯನ್ನು ಕೇಳಿ ಎಂದರು.

ಒರೆಸ್ತೆ ಹೆಂಡತಿ ಇಲ್ಲದವನು, ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದ. ಕೆಲಸ ಕೇಳಿ ಎದ್ದು ಕೂತ. ಒಂದು ಬೆಳಗ್ಗೆ ಪೂರ್ತಿ ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿ ನಿಂತ. ಪಟ್ಟಿಯನ್ನು ಎಷ್ಟು ತೆಳ್ಳಗೆ ತಟ್ಟಬೇಕು, ಅವಳದೇ ಮುರಿದ ಹಲ್ಲಿಗೆ ಸಣ್ಣ ತೂತು ಕೊರೆದು ಎಲ್ಲಿ ಮೊಳೆ ಹಾಕಬೇಕು, ಎಲ್ಲ ಲೆಕ್ಕ ಹಾಕಿದ. ಆಮೇಲೆ ಅಳತೆ ನೋಡಲು ಅವಳ ಮನೆಗೆ ಹೋದ. ಮತ್ತೆ ಹೋದ. ಮತ್ತೆಯೂ ಹೋದ. ಮದುವೆಯ ಉಂಗುರಕ್ಕೂ ಇಷ್ಟು ಅಳತೆ ಬೇಡ ಎಂದು ನನ್ನ ಅಂಗಡಿಯಲ್ಲಿ ಕೂತವರು ಆಡಿಕೊಂಡರು. ಅವನು ಕ್ಷೌರ ಮಾಡಿಕೊಂಡು, ಸೆಂಟು ಹಾಕಿಕೊಂಡು ಅಳತೆಗೆ ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಮದುವೆಯ ದಿನ ಇಗರ್ಜಿಯ ಮೆಟ್ಟಿಲ ಮೇಲೆ ಎಲ್ಲರೂ ಫೋಟೋಕ್ಕೆ ನಿಂತರು. ಎರ್ಸಿಲಿಯಾ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಸಂಕೋಚ ಇರಬೇಕೆಂದು ಕ್ಲೇಲಿಯಾ ನೆಮ್ಮದಿಯಾಗಿದ್ದಳು. ಫೋಟೋದವನು ನಗಲು ಹೇಳಿದ. ಎರ್ಸಿಲಿಯಾ ನಕ್ಕಳು. ಮಧ್ಯಾಹ್ನದ ಬಿಸಿಲು ಚಿನ್ನದ ಮೇಲೆ ಬಿತ್ತು. ಮದುಮಗಳ ಕಡೆಯವರೆಲ್ಲ ಕ್ಯಾಮೆರಾ ಬಿಟ್ಟು ಅವಳ ಕಡೆ ತಿರುಗಿದರು. ಮದುಮಗಳಂತೂ ಮುಸುಕು ಸರಿಸಿಕೊಂಡು, ಬಾಯಿ ತೆಗೀರಿ ಅತ್ತೆ, ಹತ್ತಿರದಿಂದ ನೋಡ್ತೀನಿ ಎಂದಳು.

ಕ್ಲೇಲಿಯಾ ಪಕ್ಕಕ್ಕೆ ಬಂದು ಹಲ್ಲು ಕಚ್ಚಿಕೊಂಡು ಹೇಳಿದಳು: "ನನ್ನ ಮಗನ ಮದುವೆಗೆ ಎತ್ತಿನ ಮೂಗುದಾರ ಹಾಕ್ಕೊಂಡು ಬಂದ್ರಲ್ಲ ಅತ್ತಿಗೆ."

"ಇದು ಇದೇ ಊರಲ್ಲಿ ಹುಟ್ಟಿದ್ದು ಕಣೇ. ಹಲ್ಲೂ ನಂದೇ. ನಿಂದು ಹಡಗು ಹತ್ತಿ ಬಂದಿದ್ದು."

ಅಲ್ಲಿಂದ ಇಬ್ಬರ ನಡುವೆ ಮಾತು ನಿಂತಿತು. ಮ್ಯೂಸಿಯಂನಲ್ಲಿ ಬೇರೆ ಪೇಚು. ಬಂದವರು ಪೆಟ್ಟಿಗೆ ಬಿಟ್ಟು ಎರ್ಸಿಲಿಯಾಳ ಬಾಯಿಯ ಮುಂದೆ ಸಾಲು ನಿಂತರು. ಕೆಲಸದ ಹೊತ್ತಿನಲ್ಲಿ ದಯವಿಟ್ಟು ನಗಬೇಡಿ ಎಂದು ನಿರ್ದೇಶಕರು ಕೈಮುಗಿದು ಕೇಳಿಕೊಳ್ಳಬೇಕಾಯಿತು. ಅವಳು ಒಪ್ಪಿದಳು, ಆದರೆ ಮಕ್ಕಳು ಬಂದಾಗ ಮಾತ್ರ ನಗಬೇಡಿ ಎನ್ನಬಾರದು ಎಂದಳು. ಪಟ್ಟಿ ನೋಡಲು ಚೆಂದ, ಉಣ್ಣಲು ಮಹಾ ಕಷ್ಟ. ಸೇಬು ಕಚ್ಚಿದರೆ ಹಲ್ಲು ಕುಣಿಯುತ್ತಿತ್ತು. ವಾರದ ದಿನಗಳಿಗೆ ಡಾಕ್ಟರ ಹತ್ತಿರ ತೆಗೆದು ಹಾಕುವ ಪಿಂಗಾಣಿ ಹಲ್ಲನ್ನೇ ಮಾಡಿಸಿಕೊಂಡಳು. ಚಿನ್ನದ ಪಟ್ಟಿ ಭಾನುವಾರಕ್ಕೆ, ಒರೆಸ್ತೆಯ ಜೊತೆ ಬೊಲ್ಸೇನಾದ ಕೆರೆದಂಡೆಗೆ ಹೋಗುವಾಗ.

ಆಗಸ್ಟಿನಲ್ಲಿ ಕ್ಲೇಲಿಯಾಳ ಮುಂದಿನ ಹೊಸ ಹಲ್ಲುಗಳು ಸಾಲಿಗೆ ಸಾಲೇ ಕಳಚಿಬಂದವು. ತಿರಾನಾದ ಡಾಕ್ಟರು ರಜೆಯಲ್ಲಿದ್ದರು, ನಮ್ಮ ಡಾಕ್ಟರೂ ಸಮುದ್ರತೀರದಲ್ಲಿದ್ದರು. ಅವಳು ಕಿಟಕಿ ಮುಚ್ಚಿ ಒಳಗೆ ಕೂತಳು. ಸುದ್ದಿ ಹೇಳಿದವಳು ನಾನೇ. ಎರ್ಸಿಲಿಯಾ ಕುಣಿದಾಡುತ್ತಾಳೆಂದು ಕಾದೆ. ಅವಳು ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು.

ಮಧ್ಯಾಹ್ನ ಸೊಪ್ಪು, ಮೊಟ್ಟೆ ಹಾಕಿ ಬೇಯಿಸಿದ ಮೆತ್ತನೆಯ ಬ್ರೆಡ್ಡಿನ ಸಾರನ್ನು ಹೊತ್ತು ನಾದಿನಿಯ ಬಾಗಿಲು ತಟ್ಟಿದಳು. ಪಾತ್ರೆಯ ಇನ್ನೊಂದು ಕಿವಿ ಹಿಡಿದದ್ದು ನಾನು. ಕ್ಲೇಲಿಯಾ ಕೈ ಅಡ್ಡ ಇಟ್ಟುಕೊಂಡೇ ಬಾಗಿಲು ತೆರೆದಳು, ಮೇಜಿಗೆ ತಟ್ಟೆಗಳನ್ನಿಟ್ಟಳು. ಅವಳು ಮೊದಲ ಚಮಚ ಬಾಯಿಗೆ ಇಟ್ಟ ಹೊತ್ತಿಗೇ ಎರ್ಸಿಲಿಯಾ ಮಾತು ತೆಗೆದಳು. ಹಳೇ ರೋಮಿನ ಹೆಂಗಸರು ಹಲ್ಲು ಬೆಳ್ಳಗಾಗಲೆಂದು ಉಚ್ಚೆಯಿಂದ ಬಾಯಿ ಮುಕ್ಕಳಿಸುತ್ತಿದ್ದರಂತೆ, ಅದೂ ಹೊರನಾಡಿಂದ ತರಿಸಿದ್ದಾದರೆ ಶ್ರೇಷ್ಠವಂತೆ ಎಂದಳು.

ಕ್ಲೇಲಿಯಾ ಸಾರು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದಳು. ಆಮೇಲೆ ಕೈ ತೆಗೆದು, ಆ ಕಿಂಡಿಬಾಯಲ್ಲೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾವು ಮೂವರೂ ಪಾತ್ರೆ ಖಾಲಿ ಮಾಡಿದೆವು.