ರಟ್ಟೀಹಳ್ಳಿ ಬೈಠಕಿನ ಕ್ಯಾಸೆಟ್ಟು

ಸಂಗೀತ ಕೇಳುವವರು ಕಣ್ಣು ಮುಚ್ಚಿಕೊಳ್ಳುವುದು ತನ್ಮಯತೆಯಿಂದ ಎಂದು ತಿಳಿದವರು ನಮ್ಮ ಮಂಡಳಿಯನ್ನು ನೋಡಿಲ್ಲ. ನಾವು ಮುಚ್ಚಿಕೊಳ್ಳುವುದು ಒಂದೇ ಕಣ್ಣು. ಇನ್ನೊಂದು, ಪಕ್ಕದವನು ಸರಿಯಾದ ಜಾಗದಲ್ಲಿ ತಲೆದೂಗಿದನೋ ಇಲ್ಲವೋ ಎಂಬ ತನಿಖೆಗೆ ಮೀಸಲು. ತಪ್ಪು ಜಾಗದಲ್ಲಿ ‘ಆಹಾ’ ಎಂದವನು ಮುಂದಿನ ಭೇಟಿಯವರೆಗೂ ನಗೆಪಾಟಲು. ಈ ದುರವಸ್ಥೆ ಹೆಚ್ಚಾಗಿ ಒದಗುವುದು ಹಾನಗಲ್ಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ನನಗೇ. ರಸ ಎಂಬ ಪದದ ವ್ಯುತ್ಪತ್ತಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ತಾಳದ ಸಮ ಎಲ್ಲಿ ಬೀಳುತ್ತದೆಂಬುದು ಮಾತ್ರ ಈ ವಯಸ್ಸಿನಲ್ಲೂ ಕೈಗೆ ಸಿಕ್ಕಿಲ್ಲ.

ಮಂಡಳಿಯೆಂದರೆ ಮೂವರು. ನಾನು, ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಖಾದರಸಾಬರು, ಹಿರೇಕೆರೂರಿನ ಮೆಕ್ಕೆಜೋಳದ ವ್ಯಾಪಾರಿ ಚನ್ನಬಸಪ್ಪನವರು. ತಿಂಗಳಿಗೊಂದು ಭಾನುವಾರ ಸರದಿಯಂತೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಬಂದವರು ಹಳೆಯ ಧ್ವನಿಮುದ್ರಣ ತರಬೇಕು, ಮನೆಯವರು ಮಂಡಕ್ಕಿ-ಮಿರ್ಚಿ ಕೊಡಬೇಕು. ಒಮ್ಮೆ ಒಬ್ಬ ಸಿತಾರ್ ವಾದಕರು ದ್ರುತಕ್ಕೆ ಅವಸರ ಮಾಡಿದರೋ ಇಲ್ಲವೋ ಎಂಬ ವಾದ ಬಸ್ ನಿಲ್ದಾಣದವರೆಗೂ ಬೆಳೆದು, ಹಾವೇರಿಯ ಬಸ್ಸು ನಮ್ಮೆದುರಿಗೇ ಹೊರಟುಹೋದದ್ದುಂಟು. ನಾವು ಮೂವರೂ ಒಪ್ಪಿಕೊಂಡಿದ್ದ ಸಂಗತಿ ಜಗತ್ತಿನಲ್ಲಿ ಒಂದೇ ಇತ್ತು. ಅದು ಚನ್ನಬಸಪ್ಪನವರ ಬಳಿಯಿದ್ದ ರಟ್ಟೀಹಳ್ಳಿಯ ಕ್ಯಾಸೆಟ್ಟು.

ರಟ್ಟೀಹಳ್ಳಿಯ ಗೌಡರೊಬ್ಬರ ವಾಡೆಯಲ್ಲಿ ಹಿಂದೆ ಒಂದು ಬೈಠಕ್ ನಡೆದಿತ್ತು. ಅಂದು ಹಾಡಿದವರನ್ನು ನಾವು ‘ಬುವಾ’ ಎಂದಷ್ಟೇ ಕರೆಯುತ್ತೇವೆ. ಅವರು ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು. ಉಳಿದದ್ದು ಈ ಒಂದು ಮುದ್ರಣ. ಗಂಡಸರು ಸಾಮಾನ್ಯವಾಗಿ ಹಾರ್ಮೋನಿಯಂ ಪೇಟಿಯ ಕರಿ ಒಂದರಲ್ಲಿ ಷಡ್ಜ ಹಿಡಿದರೆ, ಬುವಾ ಬಿಳಿ ನಾಲ್ಕರಲ್ಲಿ, ಅಂದರೆ ಎಷ್ಟೋ ಮೇಲಿನ ಶ್ರುತಿಯಲ್ಲಿ, ಮಿಂಚಿನಂಥ ತಾನುಗಳೊಡನೆ ಹಾಡಿದ್ದರು. ಚನ್ನಬಸಪ್ಪನವರು ಹರೆಯದಲ್ಲಿ ಶಿಗ್ಗಾವಿಯ ಗುರುಗಳೊಬ್ಬರಲ್ಲಿ ಗಾಯನ ಕಲಿಯುತ್ತಿದ್ದರು. ಕಂಠ ಚೆನ್ನಾಗಿದೆಯೆಂದು ಗುರುಗಳೂ ಹೇಳಿದ್ದರಂತೆ. ಅಷ್ಟರಲ್ಲಿ ಈ ಕ್ಯಾಸೆಟ್ಟು ಸಿಕ್ಕಿತು. ಹಾಡಿದರೆ ಹೀಗೆ ಹಾಡಬೇಕು ಎಂದು ಬಿಳಿ ನಾಲ್ಕಕ್ಕೆ ಗಂಟಲು ಏರಿಸಿ ಏರಿಸಿ, ಕಡೆಗೆ ಮಾತಾಡಲೂ ಧ್ವನಿ ಹೊರಡದಂತಾದಾಗ ಹಾಡುವುದನ್ನೇ ಬಿಟ್ಟರು. ಮದುವೆಗೆ ಮೊದಲೇ ಬಿಟ್ಟ ಹಾಡನ್ನು ಆಮೇಲೆ ಸ್ನಾನದ ಮನೆಯಲ್ಲಿಯೂ ಗುನುಗಿದವರಲ್ಲ. “ಅಂಥಾವ್ರು ಹಾಡಿದ ಮ್ಯಾಲ ನನ್ನಂಥಾಂವ ಬಾಯಿ ತಗೀಬಾರದ್ರಿ” ಎಂದು ಅವರು ಹೇಳುತ್ತಿದ್ದುದು ವ್ಯಥೆಯಿಂದಲ್ಲ, ಬುವಾರ ಹಿರಿಮೆಗೆ ಪುರಾವೆಯೆಂಬಂತೆ. ನಾವೂ ಅದನ್ನು ಪುರಾವೆಯೆಂದೇ ಸ್ವೀಕರಿಸಿ ತಲೆದೂಗುತ್ತಿದ್ದೆವು.

ಹೋದ ತಿಂಗಳ ಸರದಿ ಹಿರೇಕೆರೂರಿನದು. ಖಾದರಸಾಬರು ಲ್ಯಾಪ್‌ಟಾಪು ಹಿಡಿದು, ಮೊಮ್ಮಗನ ನಾಮಕರಣಕ್ಕೆ ಕರೆಯಲು ಬಂದವರ ಮುಖಮಾಡಿಕೊಂಡು ಒಳಗೆ ಬಂದರು. ಹುಲಗೂರಿನ ಅವರ ಬೀಗರ ಮನೆಯಲ್ಲಿ ಅದೇ ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಸಿಕ್ಕಿ, ಅದನ್ನು ಲ್ಯಾಪ್‌ಟಾಪಿಗೆ ಏರಿಸಿಕೊಂಡು ತಂದಿದ್ದರು. ನಮ್ಮದರಲ್ಲಿ ಕತ್ತರಿಸಿಹೋದ ಕೊನೆಯ ಭಾಗವೂ ಅದರಲ್ಲಿತ್ತು. ಹಚ್ಚಿ ಕೇಳಿದೆವು. ಕೊನೆಯ ಭೈರವಿ ಮುಗಿಯಿತು. ಚಪ್ಪಾಳೆಯಾಯಿತು. ಆಮೇಲೆ ಎಳೆಯ ಹುಡುಗಿಯ ಸಪೂರ ಧ್ವನಿಯೊಂದು, “ನಾನು ಈ ಮನಿ ಯಜಮಾನ, ಎಲ್ಲಾರೂ ಊಟಾ ಮಾಡಿಕೊಂಡ ಹೋಗಬೇಕ್ರಿ” ಎಂದಿತು.

ಗೌಡರ ಧ್ವನಿಯನ್ನು ಬಲ್ಲವರು ನಾವು. ಅವರು ಮನೆಯಲ್ಲಿ ಕೆಮ್ಮಿದರೆ ಊರ ಕದಂಬೇಶ್ವರ ಗುಡಿಯ ಪಾರಿವಾಳಗಳು ಹಾರುತ್ತಿದ್ದವು. ಬಿದ್ದು ಬಿದ್ದು ನಕ್ಕೆವು. ಮೊದಲು ನಗು ನಿಲ್ಲಿಸಿದವರು ಚನ್ನಬಸಪ್ಪನವರು.

“ರೆಕಾರ್ಡ ಮಾಡೂಮುಂದ ಬ್ಯಾಟರಿ ಶೆಲ್ ಇಳಿದಿರಬೇಕ್ರಿ” ಎಂದರು ಖಾದರಸಾಬರು ಮೆಲ್ಲಗೆ. “ಟೇಪು ಸಾವಕಾಶ ತಿರುಗೇತಿ. ಅದಕ್ಕ ಈಗ ಓಡಾಕತ್ತೈತಿ, ಧ್ವನಿನೂ ಏರೇತಿ.”

“ಇಳಸ್ರಿ ಅದನ್ನ” ಎಂದರು ಚನ್ನಬಸಪ್ಪನವರು.

“ಇರಲಿ ಬಿಡ್ರಿ ಅಣ್ಣಾರ…”

“ಗೌಡ್ರು ಗೌಡ್ರಾಗೂತನಕ ಇಳಸ್ರಿ.”

ವೇಗವನ್ನೂ ಶ್ರುತಿಯನ್ನೂ ಒಟ್ಟಿಗೆ ಇಳಿಸುವ ಉಪಾಯ ಲ್ಯಾಪ್‌ಟಾಪಿನಲ್ಲಿತ್ತು. ಹುಡುಗಿ ಹೆಂಗಸಾಗಿ, ಹೆಂಗಸು ಗಂಡಸಾಗಿ, ಕಡೆಗೆ ಸಾಕ್ಷಾತ್ ಗೌಡರೇ ನಮ್ಮನ್ನು ಊಟಕ್ಕೆ ಕರೆದರು. ಅಲ್ಲಿಗೇ ನಿಲ್ಲಿಸಿ ಹಾಡನ್ನು ಮೊದಲಿನಿಂದ ಹಚ್ಚಿದೆವು. ಮಿಂಚು ಮಾಯವಾಗಿತ್ತು. ಒಬ್ಬ ಒಳ್ಳೆಯ ಗಾಯಕ, ಸಮಾಧಾನದಿಂದ, ತನ್ನ ಕಂಠಕ್ಕೆ ಒಪ್ಪುವ ಶ್ರುತಿಯಲ್ಲಿ ಹಾಡುತ್ತಿದ್ದ. ಚನ್ನಬಸಪ್ಪನವರು ಕಪಾಟಿನ ಮೇಲಿನ ಪೇಟಿ ಇಳಿಸಿ, ಧೂಳು ಒರೆಸದೆಯೇ ಗಾಳಿಯ ಭಾತೆ ಒತ್ತಿ, ಕರಿ ಒಂದರ ಮೇಲೆ ಬೆರಳಿಟ್ಟರು. ಸ್ವರ ಕೂಡಿತು.

“ಇದು ನಂದ ಶ್ರುತಿರೀ” ಎಂದರು.

ನನಗೆ ಸಂಕಟವಾಯಿತು. ಬದುಕಿನುದ್ದಕ್ಕೂ ಮುಚ್ಚಿದ್ದ ಆ ಬಾಯಿಗೆ ಕಾರಣ ಇಳಿದ ಶೆಲ್ಲು ಎಂಬುದಕ್ಕೆ ಯಾವ ಅಲಂಕಾರಶಾಸ್ತ್ರದಿಂದ ಸಮಾಧಾನ ಹೇಳುವುದು? ಏನಾದರೂ ಹೇಳಲೇಬೇಕೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ ತಮ್ಮ ಗಂಟಲು ಸರಿಮಾಡಿಕೊಂಡು, ಬುವಾರ ಜೊತೆಗೆ ಷಡ್ಜ ಹಿಡಿದರು. ಮೊದಲು ಧ್ವನಿ ಒಡೆಯಿತು, ಎರಡು ಕಡೆ ಜಾರಿತು, ಆಮೇಲೆ ನಿಂತಿತು. ಖಾದರಸಾಬರು ಸದ್ದಿಲ್ಲದೆ ಲ್ಯಾಪ್‌ಟಾಪು ಮುಚ್ಚಿದರು. ಬುವಾ ನಿಂತರು, ಚನ್ನಬಸಪ್ಪನವರು ನಿಲ್ಲಲಿಲ್ಲ.

ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದ ಅವರ ಮಡದಿ ಶಾಂತವ್ವನವರು ಅಲ್ಲಿಂದಲೇ ಕೂಗಿ ಕೇಳಿದರು:

“ಖಾದರಣ್ಣಾ, ಇದು ಯಾರ್ರೀ ಹಾಡಿದ್ದು? ಇಷ್ಟ ವರ್ಷ ಇದನ್ನ ಯಾಕ ಹಚ್ಚಿರಲಿಲ್ಲ?”