ಮಿಲಿಮೀಟರ್ ಮಾಮ ಕಟ್ಟಿದ ಗಾಗಲ್ಸ್

ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತ ಇಪ್ಪತ್ತೆರಡು ವರ್ಷ ಕಳೆದವನಿಗೆ ಸ್ವಂತ ಹೆಸರು ಉಳಿಯುವುದು ಕಷ್ಟ. ಬೀದಿಗೆಲ್ಲ ಅವನು ಮಿಲಿಮೀಟರ್ ಮಾಮ. ಗಿರಾಕಿಯ ಎದುರಿಗೆ ಸ್ಟೂಲೆಳೆದು ಕೂತು, ಮೂಗಿನ ಮೇಲೆ ಪುಟ್ಟ ಸ್ಕೇಲ್ ಹಿಡಿದು ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯುವಾಗ ಉಸಿರು ಕೂಡ ಬಿಡುತ್ತಿರಲಿಲ್ಲ. "ಒಂದು ಮಿಲಿಮೀಟರ್ ಆಚೀಚೆ ಆದ್ರೂ ತಲೆನೋವು ಬರುತ್ತೆ" ಎಂದು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದ. ತಾನು ಕೂರಿಸಿದ ಗಾಜು ಇವತ್ತಿನವರೆಗೂ ಒಂದೂ ವಾಪಸ್ ಬಂದಿಲ್ಲ ಎಂದು ಊಟಕ್ಕೆ ಕೂತಾಗಲೂ ಕೊಚ್ಚಿಕೊಳ್ಳುತ್ತಿದ್ದ. "ತಟ್ಟೆನಾದ್ರೂ ವಾಪಸ್ ಕೊಡ್ರೀ, ತೊಳೀಬೇಕು" ಎನ್ನುತ್ತಿದ್ದಳು ಹೆಂಡತಿ. ಮಗಳು ಮಾತ್ರ ಅಪ್ಪನ ಬಾಯನ್ನೇ ನೋಡುತ್ತ ಕೂತಿರುತ್ತಿದ್ದಳು, ಪ್ರತಿ ಸಲವೂ ಹೊಸದಾಗಿ ಕೇಳುತ್ತಿರುವವಳ ಹಾಗೆ.

ಆ ಮಗಳಿಗೇ ದೂರದ್ದು ಕಾಣುತ್ತಿರಲಿಲ್ಲ. ಒಂಬತ್ತು ವರ್ಷ. ಬಲಗಣ್ಣಿಗೆ ಮೈನಸ್ ಎರಡೂವರೆ, ಎಡಗಣ್ಣಿಗೆ ಮೈನಸ್ ಆರು. ನಾಲ್ಕನೇ ವರ್ಷದಲ್ಲಿ ಅವಳ ಮೊದಲ ಕನ್ನಡಕಕ್ಕೆ ಗಾಜು ಕೂರಿಸಿದವನು ಅವನೇ. ಅವತ್ತು ಒಂದೇ ಅಳತೆಯನ್ನು ಅವನು ಐದು ಸಲ ತೆಗೆದಿದ್ದ. ಆದರೆ ಅದನ್ನು ಅವನು ಯಾರ ಹತ್ತಿರವೂ ಬಾಯಿಬಿಡಲಿಲ್ಲ.

ನೆಲದ ಮೇಲೆ ಹುಡುಗಿ ಹೇಗೋ ನಿಭಾಯಿಸುತ್ತಿದ್ದಳು. ಕಷ್ಟ ಬಂದದ್ದು ಈಜುಕೊಳದಲ್ಲಿ. ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟರೆ ಮುಗಿಯಿತು, ಗೋಡೆ ಎಲ್ಲಿ, ಹಗ್ಗ ಎಲ್ಲಿ ಒಂದೂ ಗೊತ್ತಾಗದೆ ಪಕ್ಕದ ಸಾಲಿನವರ ಕಾಲಿಗೆ ತಲೆ ಕೊಡುತ್ತಿದ್ದಳು. ಈಜು ಕಲಿಸುವ ಮೇಡಂ ಅವನನ್ನು ಬಾಗಿಲಲ್ಲೇ ತಡೆದರು.

"ಸರ್, ಇವಳ ಕೈಕಾಲು ಚೆನ್ನಾಗಿ ಓಡುತ್ತೆ, ಉಸಿರೂ ಚೆನ್ನಾಗಿದೆ. ಕಣ್ಣಿಗೆ ಏನಾದ್ರೂ ಮಾಡಿ. ಇಲ್ಲಾಂದ್ರೆ ತಿಂಗಳ ಕೊನೇಲಿ ಚಿಕ್ಕ ಮಕ್ಕಳ ಕೊಳಕ್ಕೆ ಕಳಿಸಬೇಕಾಗುತ್ತೆ. ಯಾರಿಗಾದ್ರೂ ಪೆಟ್ಟಾದ್ರೆ ನಾನು ಜವಾಬ್ದಾರಿ."

ಚಿಕ್ಕ ಮಕ್ಕಳ ಕೊಳದಲ್ಲಿ ನೀರು ಅವಳ ಸೊಂಟಕ್ಕೆ ಬರುತ್ತಿತ್ತು. ಅಲ್ಲಿ ಐದು ವರ್ಷದವರು ಬಾತುಕೋಳಿ ಬೊಂಬೆ ಹಿಡಿದು ಕಾಲು ಬಡಿಯುತ್ತಿದ್ದರು. ಹುಡುಗಿ ಅವತ್ತು ಒದ್ದೆ ಟವೆಲನ್ನು ಎದೆಗೊತ್ತಿಕೊಂಡೇ ಮನೆಗೆ ಬಂದಳು. ಒಡೆದೀತೆಂದು ಕನ್ನಡಕ ತೆಗೆದಿಟ್ಟು, ಆಟದ ಮೈದಾನದಲ್ಲಿ ಚೆಂಡು ಕಾಣದೆ ಯಾರ ತಂಡಕ್ಕೂ ಬೇಡವಾಗಿದ್ದವಳು ಅವಳು. ನೀರೊಂದು ಅವಳಿಗೆ ದಕ್ಕಿತ್ತು, ಈಗ ಅದೂ ಕೈತಪ್ಪುವುದರಲ್ಲಿತ್ತು.

ಪವರ್ ಇರುವ ಈಜಿನ ಗಾಗಲ್ಸ್ ಆರಿಸುವುದಕ್ಕೆ ಅವನು ನಾಲ್ಕು ದಿನ ತೆಗೆದುಕೊಂಡ. ಅದರ ಗಾಜುಗಳು ಬಟ್ಟಲಿನ ಹಾಗೆ ಬಿಡಿಬಿಡಿಯಾಗಿ, ಅರ್ಧರ್ಧ ಪವರಿನ ಮೆಟ್ಟಿಲಲ್ಲಿ ಸಿದ್ಧವಾಗಿ ಬರುತ್ತವೆ. ಎರಡು ಬಟ್ಟಲು ಆರಿಸಿ, ನಡುವೆ ಮೂಗಿನ ಕೊಂಡಿ ಹಾಕಿ, ಹಿಂದೆ ಪಟ್ಟಿ ಕಟ್ಟಬೇಕು. ಬಣ್ಣದ್ದು ಬೇಡ, ಚಾವಣಿಯ ಕೆಳಗಿನ ಕೊಳ, ಮೊದಲೇ ಮಬ್ಬು. ದೊಡ್ಡವರದು ಬೇಡ, ಕೆನ್ನೆಯಲ್ಲಿ ಸಂದು ಬಿದ್ದು ನೀರು ನುಗ್ಗುತ್ತದೆ. ಪಟ್ಟಿ ಹಾಕದೆ ಬರೀ ಕಣ್ಣಿಗೊತ್ತಿ ಕೈಬಿಟ್ಟರೆ ಒಂದೆರಡು ಕ್ಷಣ ತಾನಾಗಿ ಅಂಟಿಕೊಂಡಿರಬೇಕು, ಹಾಗಿದ್ದರೇ ಅಳತೆ ಸರಿ. ಮಗಳ ಮುಖಕ್ಕೆ ಒಂದಾದ ಮೇಲೊಂದು ಒತ್ತಿ ಒತ್ತಿ, ಕಣ್ಣ ಸುತ್ತ ಕೆಂಪು ಬಳೆ ಮೂಡಿಸಿದ. "ಮನೆ ಕೊಳ್ಳೋರೂ ಇಷ್ಟು ನೋಡಲ್ಲ ಕಣ್ರೀ" ಎಂದಳು ಹೆಂಡತಿ.

ಕೊನೆಗೆ ಅಂಗಡಿಯ ಮೇಜಿನ ಮೇಲೆ ಕೂತು ತಾನೇ ಜೋಡಿಸಿದ. ಮಗಳು ಎದುರಿನ ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಗಡಗಡ ಓದಿದಳು. ಅವನು ಬೀಗಿದ. ಐದು ವರ್ಷ ದಿನಾ ಸಂಜೆ ಶಾಲೆ ಮುಗಿಸಿ ಬಂದು ಅದೇ ಗೋಡೆಯ ಕೆಳಗೆ ಕೂತು ಬೆಳೆದ ಮಗುವಿಗೆ ಆ ಅಕ್ಷರಗಳು ಬಾಯಿಪಾಠವಾಗಿರುತ್ತವೆ ಎಂಬುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಎರಡು ವಾರ ಕಳೆಯಿತು. "ಹೇಗಿದೆ ಪುಟ್ಟಿ?" ಎಂದರೆ "ಚೆನ್ನಾಗಿದೆ ಅಪ್ಪ" ಎನ್ನುತ್ತಿದ್ದಳು. ಆದರೆ ಈಜಿ ಬಂದ ದಿನವೆಲ್ಲ ಹಣೆ ಹಿಡಿದುಕೊಂಡು ಮಲಗಿಬಿಡುತ್ತಿದ್ದಳು. ತಿಂಗಳ ಕೊನೆಯ ಶನಿವಾರ ಅವನು ಅರ್ಧ ದಿನ ರಜೆ ಹಾಕಿ ಕೊಳಕ್ಕೇ ಹೋದ.

ನೋಡಿದರೆ, ಮಗಳು ಗೋಡೆಗೆ ಇನ್ನೂ ಎರಡು ಮಾರು ಇರುವಾಗಲೇ ನಿಂತು, ಕೈ ಚಾಚಿ ತಡಕುತ್ತಿದ್ದಾಳೆ. ಮುಂದಿನ ಸಲ ಅಂದಾಜು ತಪ್ಪಿ ಗೋಡೆಗೆ ಮೊಣಕೈ ಬಡಿಸಿಕೊಂಡಳು. ಮೇಡಂ ಅವನ ಕಡೆ ನೋಡಿ, ಆಗಲ್ಲ ಎಂಬಂತೆ ತಲೆಯಾಡಿಸಿದರು. ಹುಡುಗಿ ಮೇಲೆ ಬಂದು ಗಾಗಲ್ಸ್ ಕಿತ್ತು ಅಪ್ಪನ ಕೈಗಿಟ್ಟು, ತಲೆ ತಗ್ಗಿಸಿ ಕೂತಳು.

ಕೈಗೆ ಗಾಜು ಬಂದರೆ ಮೇಲೆತ್ತಿ ನೋಡುವುದು ಅವನ ವೃತ್ತಿಯ ಚಾಳಿ. ಮಗಳು ಹಾಕಿಕೊಳ್ಳುವ ಹಾಗೆಯೇ ಹಿಡಿದು ಅದರೊಳಗಿಂದ ಕಿಟಕಿಯ ಸರಳುಗಳನ್ನು ನೋಡಿದ. ಮೈನಸ್ ಹೆಚ್ಚಿದಷ್ಟೂ ಗಾಜಿನೊಳಗಿಂದ ವಸ್ತು ಸಣ್ಣಗೆ ಕಾಣುತ್ತದೆ. ಎಡದ ಗಾಜಿನಲ್ಲಿ ಸರಳು ಕೊಂಚ ಸಣ್ಣಗಾಗಿತ್ತು. ಬಲದ್ದರಲ್ಲಿ ದಾರದೆಳೆಯಷ್ಟಾಗಿತ್ತು. ಮೈನಸ್ ಆರು ಬಲಗಣ್ಣಿಗೆ ಕೂತಿತ್ತು!

ಗಿರಾಕಿಯ ಎದುರಿಗೆ ಕೂತು ದುಡಿದವನಿಗೆ ಇಪ್ಪತ್ತೆರಡು ವರ್ಷವೂ ಎದುರಿನವರ ಬಲಗಣ್ಣೆಂದರೆ ತನ್ನ ಎಡಗೈ ಕಡೆಯದು. ಕನ್ನಡಕಕ್ಕೆ ಕಡ್ಡಿಗಳಿರುತ್ತವೆ, ಯಾವುದು ಮುಂದು, ಯಾವುದು ಹಿಂದು ಎಂದು ಅವೇ ಹೇಳುತ್ತವೆ. ಈ ಬಟ್ಟಲುಗಳು ಎರಡೂ ಒಂದೇ ಆಕಾರ. ಒಳಗಿನ ರಬ್ಬರ್ ಒತ್ತಲೆಂದು ಅವನು ಅವನ್ನು ಕಣ್ಣಿಗೆ ಕೂರುವ ಬದಿ ತನ್ನತ್ತ ಬರುವ ಹಾಗೆ ಇಟ್ಟುಕೊಂಡಿದ್ದ, ಹಾಗಿಟ್ಟಾಗ ಬಲದ್ದು ಬಲಗಡೆಗೇ ಬರಬೇಕು, ಕೈ ಮಾತ್ರ ಅಭ್ಯಾಸದ ಪ್ರಕಾರ ಬಲದ್ದನ್ನು ಎಡಗಡೆಗೇ ಇಟ್ಟಿತ್ತು. ಬೇರೆ ಯಾರೇ ಆಗಿದ್ದರೂ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಸರಿಯಾಗಿ ಜೋಡಿಸುತ್ತಿದ್ದರು.

"ಪುಟ್ಟಿ, ಇದ್ರಲ್ಲಿ ಸರಿಯಾಗಿ ಕಾಣ್ತಿರಲಿಲ್ಲ, ಅಲ್ವಾ?"

ಅವಳು ಟವೆಲಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

"ಹೇಳಮ್ಮ. ಬೈಯಲ್ಲ."

"ಒಂದು ಕಣ್ಣು ಮಂಜು, ಇನ್ನೊಂದು ಎಳೆದಂಗೆ ಆಗುತ್ತೆ." ಅವಳ ಗಲ್ಲ ನಡುಗತೊಡಗಿತು. "ನನ್ನ ಕಣ್ಣು ಇನ್ನೂ ಕೆಟ್ಟುಹೋಯ್ತು ಅಂದ್ಕೊಂಡೆ. ಪೂರ್ತಿ ಹೋಗಿಬಿಡುತ್ತೇನೋ ಅಂತ... ನಿಂಗೆ ಗೊತ್ತಾದ್ರೆ ಬೇಜಾರಾಗುತ್ತಲ್ಲ."

"ಗಾಗಲ್ಸ್ ಸರಿ ಇಲ್ಲ ಅಂತ ಯಾಕೆ ಅನ್ನಿಸಲಿಲ್ಲ ನಿಂಗೆ?"

"ನೀನು ಮಾಡಿದ್ದು ಯಾವತ್ತೂ ತಪ್ಪಾಗಲ್ವಲ್ಲ ಅಪ್ಪ."

ಕೆನ್ನೆಗೆ ಬಾರಿಸಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಊಟದ ಹೊತ್ತಿಗೆ ದಿನಾ ಕೊಚ್ಚಿಕೊಂಡ ಮಾತನ್ನು ಈ ಮಗು ನಂಬಿ, ಹದಿನಾಲ್ಕು ದಿನ ಒಬ್ಬಳೇ ಹೆದರಿಕೊಂಡು ಮಲಗಿತ್ತು. ಅವನು ಅಲ್ಲೇ ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತ.

"ತಪ್ಪು ನಂದು ಕಂದಾ. ಎಡದ್ದು ಬಲಕ್ಕೆ ಹಾಕಿಬಿಟ್ಟಿದೀನಿ. ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಅಪ್ಪಂದೇ ತಪ್ಪು."

ಕೊಂಡಿ ಬಿಚ್ಚಿ, ಬಟ್ಟಲು ಅದಲು ಬದಲು ಮಾಡಿ, ಮೂರು ಸಲ ಕಿಟಕಿಗೆ ಹಿಡಿದು ನೋಡಿದ. ಆಮೇಲೆ ಮೇಡಂ ಹತ್ತಿರ ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಇಷ್ಟು ದಿನ ತಪ್ಪು ಗಾಜು ಹಾಕಿ ಕಳಿಸಿದವನು ನಾನು ಮೇಡಂ. ಇನ್ನೊಂದೇ ಒಂದು ಸಲ ಬಿಡಿ ಅವಳನ್ನ."

"ಸರಿ, ಒಂದು ಸಲ" ಎಂದರು ಅವರು.

ಹುಡುಗಿ ನೀರಿಗಿಳಿದಳು. ಅರ್ಧದವರೆಗೂ ಅನುಮಾನದಲ್ಲೇ ಈಜಿದಳು. ಆಮೇಲೆ ಕೈ ಬೀಸು ಉದ್ದವಾಯಿತು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ತಡಕಲಿಲ್ಲ. ನೇರ ಹೋಗಿ ಎರಡೂ ಅಂಗೈ ಗೋಡೆಗೆ ಊರಿದಳು. ಮೇಡಂ ಹೆಬ್ಬೆರಳೆತ್ತಿ ತೋರಿಸಿದರು. ಕೊಳದ ಆ ತುದಿಯಲ್ಲಿ ಅವಳು ತಿರುಗಿ, ಈ ತುದಿಯ ಜನರಲ್ಲಿ ಒಂದೊಂದೇ ಮುಖ ನೋಡುತ್ತ ಬಂದು, ಅಪ್ಪನ ಮೇಲೆ ಕಣ್ಣು ನಿಲ್ಲಿಸಿದಳು.

"ಅಪ್ಪಾ, ಯಾಕೆ ಅಳ್ತಿದೀಯ?"

"ಇಲ್ವಲ್ಲ!" ಎಂದು ಅವನು ಕೂಗಿದ.

"ಸುಳ್ಳು ಹೇಳ್ಬೇಡ," ಎಂದಳು ಮಗಳು, "ನಂಗೆ ಕಾಣ್ತಿದೆ."