ಉಗ್ರಪ್ಪನ ಮುಕ್ತಿವಾಹನ ಕಿರುಗುಟ್ಟಿದ್ದು

ಮಾರೇನಹಳ್ಳಿಯ ಉಗ್ರಪ್ಪ ಹೆಸರಿಗೆ ಮಾತ್ರ ಉಗ್ರ. ಅವನು ದನಿ ಎತ್ತಿ ಮಾತಾಡಿದ್ದನ್ನು ಕಂಡವರಿಲ್ಲ. ಮೊದಲು ಕಾರ್ಖಾನೆಯೊಂದರ ಬಸ್ಸು ಓಡಿಸುತ್ತಿದ್ದ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬಡಾವಣೆಯ ಟ್ರಸ್ಟಿನವರ ಮುಕ್ತಿವಾಹನಕ್ಕೆ ಚಾಲಕನಾದ. ಬೇರೆ ಕೆಲಸ ಸಿಗುವವರೆಗೆ ಅಂದುಕೊಂಡು ಹತ್ತಿದ ಸೀಟಿನಲ್ಲೇ ತಲೆ ಬೆಳ್ಳಗಾಯಿತು.

ಹೆಣದ ವ್ಯಾನು ಜನರ ನಡಿಗೆಯ ವೇಗದಲ್ಲೇ ಹೋಗಬೇಕು. ಮನೆಯವರು ಬೀದಿಯ ಕೊನೆಯವರೆಗೂ ಜೊತೆಗೆ ನಡೆದು ಬರುತ್ತಾರೆ. ಕ್ಲಚ್ಚಿನ ಮೇಲೇ ಕಾಲಿಟ್ಟು ಇಟ್ಟು ಅವನ ಎಡ ಮಂಡಿ ಸವೆದುಹೋಗಿತ್ತು. ಅದರ ಮೇಲೆ ಈ ಮಳೆಗಾಲದಲ್ಲಿ ಮುಂದಿನ ಚಕ್ರ ಕೀಂಯ್, ಕೀಂಯ್ ಎನ್ನತೊಡಗಿತು.

ಅತ್ತಿಗುಪ್ಪೆಯ ಮೆಕ್ಯಾನಿಕ್ ಭೈರೇಶ ವ್ಯಾನನ್ನು ಮೇನ್ ರೋಡಿನಲ್ಲಿ ಜೋರಾಗಿ ಒಂದು ಸುತ್ತು ಹೊಡೆಸಿಕೊಂಡು ಬಂದ. "ಏನೂ ಇಲ್ವಲ್ಲ ಉಗ್ರಪ್ಪಣ್ಣ" ಎಂದ.

"ನಿಧಾನಕ್ಕೆ ಹೋದ್ರೆ ಮಾತ್ರ ಕಣಪ್ಪ. ನನ್ನ ಕಾಲ ಕೆಳಗೇ ಕೇಳ್ಸುತ್ತೆ."

ಭೈರೇಶ ಡ್ರೈವರ್ ಸೀಟಿನ ಕಡೆಯ ಚಕ್ರ ಬಿಚ್ಚಿ ಗ್ರೀಸ್ ತುಂಬಿದ. ಮುಂದಿನ ವಾರ ಬ್ರೇಕ್ ಪ್ಯಾಡ್ ಬದಲಾಯಿಸಿದ. ಸದ್ದು ಹೋಗಲಿಲ್ಲ. ಉಗ್ರಪ್ಪನಿಗೂ ಸಾಕಾಯಿತು. ಕಿರುಗುಟ್ಟಿಕೊಂಡೇ ಇರಲಿ ಎಂದು ಬಿಟ್ಟುಬಿಟ್ಟ.

ಹಾಗಿರುವಾಗ ಬಸವೇಶ್ವರನಗರದಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಶ್ವಾಸಕೋಶದ ಕಾಯಿಲೆಯಿಂದ ತಿಂಗಳುಗಟ್ಟಲೆ ನರಳಿದವರು. ಅವರ ಮಗಳು ಮಾಲವಿಕಾ ಅಪ್ಪನ ತಲೆಯ ಪಕ್ಕದಲ್ಲಿ, ವ್ಯಾನಿನೊಳಗೆ ಕೂತಿದ್ದಳು. ತಮಟೆಯವರು ಸುಮ್ಮನಾದ ಕೂಡಲೇ ಚಕ್ರದ ಸದ್ದು ವ್ಯಾನಿನ ತುಂಬ ಕೇಳತೊಡಗಿತು. ಒಂದೇ ಸಮ, ಎಳೆದೆಳೆದು.

"ಅಣ್ಣ, ನಿಲ್ಸಿ" ಎಂದಳು ಮಾಲವಿಕಾ. ಉಗ್ರಪ್ಪ ನಿಲ್ಲಿಸಿ ಹಿಂದಕ್ಕೆ ತಿರುಗಿದ. ಅವಳು ಎರಡೂ ಕಿವಿ ಮುಚ್ಚಿಕೊಂಡಿದ್ದಳು. "ಅಪ್ಪ ಹೀಗೇ ಉಸಿರು ಎಳೀತಾ ಇದ್ರು. ರಾತ್ರಿಯೆಲ್ಲ ಹೀಗೇ. ನನ್ ಕೈಲಿ ಕೇಳಕ್ಕಾಗಲ್ಲ ಅಣ್ಣ."

ಉಗ್ರಪ್ಪ ಇಳಿದು ಹಿಂದಿನ ಬಾಗಿಲು ತೆರೆದ. ಗಂಡಸರು ಚಟ್ಟವನ್ನು ಇಳಿಸಿ ಹೆಗಲ ಮೇಲೆ ಹೊತ್ತು ನಡೆದರು. ಖಾಲಿ ವ್ಯಾನು ಕಿರುಗುಟ್ಟುತ್ತ, ಬಹಳ ದೂರ ಬಿಟ್ಟು, ಅವರ ಹಿಂದೆ ಹೋಯಿತು.

ಆ ದಿನ ಅವನು ಊಟ ಮಾಡಲಿಲ್ಲ. ಗೋಡೆಗೊರಗಿ ಕೂತವನನ್ನು ಹೆಂಡತಿ ರಾಮಮ್ಮ ಬಹಳ ಹೊತ್ತು ನೋಡಿದಳು. ಮದುವೆ, ನಾಮಕರಣಗಳಿಗೆ ಅಡುಗೆ ಮಾಡಲು ಹೋಗುವ ಹೆಂಗಸು ಅವಳು. ಗಂಡನ ಕೆಲಸದ ಮಾತು ಮನೆಯಲ್ಲಿ ಬರಕೂಡದು ಎನ್ನುವುದು ಅವಳೇ ಮಾಡಿದ ಕಟ್ಟುಪಾಡು. ಅವತ್ತು ಅವಳಾಗಿಯೇ, "ಏನಾಯ್ತು ಹೇಳ್ರಿ" ಎಂದಳು. ಅವನು ಹೇಳಿದ.

"ಒಳಗೆ ಕೂತು ಹುಡುಕಿದ್ರೆ ಎಲ್ಲಿ ಗೊತ್ತಾಗುತ್ತೆ? ನೀವು ಓಡ್ಸಿ, ನಾನು ಪಕ್ಕದಲ್ಲಿ ನಡ್ಕೊಂಡು ಬರ್ತೀನಿ" ಎಂದಳು.

"ನೀನಾ? ಆ ಗಾಡಿ ಪಕ್ಕ?"

"ಇನ್ಯಾರು ಬರ್ತಾರೆ?"

ಮರುದಿನ ಬೆಳಿಗ್ಗೆ ಅವಳು ವ್ಯಾನು ಹತ್ತದೆ ಬಸ್ಸಿನಲ್ಲೇ ಕೆಂಗೇರಿಗೆ ಬಂದಳು. ಊರಾಚೆ ಹೊಸ ಲೇಔಟೊಂದರಲ್ಲಿ ಸೈಟುಗಳಿದ್ದವು, ಮನೆಗಳಿರಲಿಲ್ಲ. ಉಗ್ರಪ್ಪ ಮೊದಲ ಗೇರಿನಲ್ಲಿ ವ್ಯಾನು ಬಿಟ್ಟ. ರಾಮಮ್ಮ ಸೆರಗು ಸಿಕ್ಕಿಸಿಕೊಂಡು, ಮೊದಲು ಬಲಗಡೆ, ಆಮೇಲೆ ಎಡಗಡೆ ನಡೆದಳು. ರಸ್ತೆಯ ಕೊನೆಗೆ ಹೋಗಿ ತಿರುಗಿದರು. ಮತ್ತೆ ಬಂದರು. ಬಿಸಿಲೇರಿತು. ಅವಳಿಗೆ ಮೇಲುಸಿರು ಬರುತ್ತಿತ್ತು. ಕನ್ನಡಿಯಲ್ಲಿ ಕಂಡ ಅವಳ ಮುಖದಲ್ಲಿ ತನ್ನದೇ ಸುಸ್ತು ಇದ್ದಂತೆ ಉಗ್ರಪ್ಪನಿಗೆ ಅನ್ನಿಸಿತು. ಸಾಕು ಬಿಡೇ ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ವ್ಯಾನಿನ ಮೈಗೆ ಕೈಯಿಂದ ಬಡಿದಳು.

"ನಿಲ್ಸಿ! ಇದು ನಿಮ್ ಕಡೆ ಚಕ್ರ ಅಲ್ಲ. ಈ ಕಡೇದು!"

ಅಲ್ಲೇ ಜ್ಯಾಕು ಕೊಟ್ಟು ಎಡಚಕ್ರ ಬಿಚ್ಚಿದ. ಬ್ರೇಕಿನ ಡಿಸ್ಕಿಗೂ ಅದರ ಹಿಂದೆ ಧೂಳು ತಡೆಯಲು ಹಾಕಿದ ತಗಡಿಗೂ ನಡುವೆ ಏನೋ ಮಿನುಗಿತು. ಸ್ಕ್ರೂಡ್ರೈವರಿನಿಂದ ಮೀಟಿದ. ಒಂದು ನಾಣ್ಯ ಕೆಳಕ್ಕೆ ಬಿತ್ತು. ಯಾರದೋ ಹೆಣದ ಮುಂದೆ ಪುರಿಯ ಜೊತೆ ಎರಚಿದ ಕಾಸು. ಒಂದು ಮುಖ ಉಜ್ಜಿ ಉಜ್ಜಿ ನುಣ್ಣಗಾಗಿತ್ತು.

"ಯಾರ ಸಾವಲ್ಲಿ ಸಿಕ್ಕೊಂಡಿತ್ತೋ" ಎಂದ ಉಗ್ರಪ್ಪ. ರಾಮಮ್ಮ ಅದನ್ನು ಮುಟ್ಟಲಿಲ್ಲ. ಅವನು ಪಕ್ಕದ ಬೇಲಿಯಾಚೆ ಎಸೆದ.

ಚಕ್ರ ಕೂರಿಸಿ ಸ್ವಲ್ಪ ದೂರ ಓಡಿಸಿ ನೋಡಿದ. ಎಂಜಿನ್ನಿನ ಗುರುಗುರು ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದಕ್ಕೆ ಬಂದಾಗ ರಾಮಮ್ಮ ಕಲ್ಲೊಂದರ ಮೇಲೆ ಕೂತು ಪಾದ ಒತ್ತಿಕೊಳ್ಳುತ್ತಿದ್ದಳು.

"ಬಸ್ ಸ್ಟಾಪಿಗೆ ಬಿಡ್ತೀನಿ, ಹತ್ತು" ಎಂದ, ಅವಳು ಹತ್ತುವುದಿಲ್ಲ ಎಂದು ಗೊತ್ತಿದ್ದೂ.

ಅವಳು ಕೈ ಚಾಚಿದಳು. ಅವನು ಎಳೆದು ಹತ್ತಿಸಿಕೊಂಡ. ಮೈಸೂರು ರಸ್ತೆಗೆ ಬರುತ್ತಿದ್ದಂತೆ ಟ್ರಸ್ಟಿನ ಫೋನು ಬಂತು. ರಾಜಾಜಿನಗರದಲ್ಲಿ ಯಾರೋ ಹೋಗಿದ್ದರು.

"ಇಲ್ಲೇ ಇಳೀತೀಯಾ?"

"ಕಾಲು ಬರ್ತಿಲ್ಲ ಕಣ್ರಿ. ಮನೆ ಹತ್ರಾನೇ ಬಿಡಿ."

"ಅಕ್ಕಪಕ್ಕದೋರು ಏನಂತಾರೋ."

"ಅಂದ್ಕೊಳ್ಳಿ" ಎಂದು ರಾಮಮ್ಮ ಕಣ್ಣು ಮುಚ್ಚಿ ಸೀಟಿಗೆ ಒರಗಿದಳು. ಮಾರೇನಹಳ್ಳಿ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಉಗ್ರಪ್ಪ ಮನೆಯ ಮುಂದೆ ಎಂಜಿನ್ ನಿಲ್ಲಿಸಿ, ಸ್ವಲ್ಪ ತಡವಾಗುತ್ತೆ ಎಂದು ಟ್ರಸ್ಟಿಗೆ ಫೋನಿನಲ್ಲಿ ಮೆಲ್ಲಗೆ ಹೇಳಿದ.